ಚಿಕನ್ ಕೀವ್: ಬೆಣ್ಣೆ ಸೋರದಂತೆ ಮಾಡೋದು ಹೇಗೆ?

ಒಲೆಮುಂದೆ: ಚಿಕನ್ ಕೀವ್ ಮಾಡ್ತಿದ್ದೀನಿ, ಅಂದರೆ ಕೋಳಿ ಎದೆ ಮಾಂಸದೊಳಗೆ ಬೆಣ್ಣೆ ಇಟ್ಟು ಸುತ್ತಿ, ಬ್ರೆಡ್ ಪುಡಿ ಹಚ್ಚಿ ಕರಿಯೋದು. ಎಷ್ಟು ಬಿಗಿಯಾಗಿ ಸುತ್ತಿದರೂ ಬೆಣ್ಣೆ ಬಾಣಲೆಗೇ ಸೋರಿಹೋಗುತ್ತೆ. ಹೊರಗೆ ಕಪ್ಪು, ಒಳಗೆ ಹಸಿ. ಎಲ್ಲಿ ತಪ್ಪಾಗ್ತಿದೆ? ಇದು ನಿಜಕ್ಕೂ ಉಕ್ರೇನಿನ ಕೀವ್ ಊರಿನ ಅಡುಗೆಯೇನಾ?

ಕರಿಬೇವು_77: ಬೆಣ್ಣೆ ಮೆತ್ತಗಿದ್ದರೆ ಸೋರೋದೇ. 180–200 ಗ್ರಾಂನ ಒಂದು ಎದೆ ತುಂಡಿಗೆ 30 ಗ್ರಾಂ ಸಾಕು. ಸೊಪ್ಪು ಬೆರೆಸಿ, ಬೆರಳುದ್ದದ ಕಡ್ಡಿ ಮಾಡಿ, ಫ್ರೀಜರಿನಲ್ಲಿ ಕಲ್ಲಿನಂತಾಗೋವರೆಗೂ ಇಡಿ. ಮಾಂಸವನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ತಟ್ಟಿ: ಮಧ್ಯೆ ಅರ್ಧ ಸೆಂಟಿಮೀಟರ್, ಅಂಚು ಇನ್ನೂ ತೆಳು. ಜೋರಾಗಿ ಬಡಿದರೆ ತೂತಾಗುತ್ತೆ. ತೂತಾದರೆ ಎದೆಯ ಅಡಿಯಲ್ಲಿರೋ ಸಣ್ಣ ತುಂಡನ್ನು ತಟ್ಟಿ ತೇಪೆ ಹಾಕಿ. ಮೊದಲು ಎರಡೂ ತುದಿ ಒಳಗೆ ಮಡಚಿ, ಆಮೇಲೆ ಸುರುಳಿ ಸುತ್ತಿ. ಮೈದಾ, ಮೊಟ್ಟೆ, ಬ್ರೆಡ್ ಪುಡಿ. ಮತ್ತೊಮ್ಮೆ ಮೊಟ್ಟೆ, ಬ್ರೆಡ್ ಪುಡಿ. ಈ ಎರಡನೇ ಪದರ ಬಿಡಲೇಬೇಡಿ. ಫ್ರಿಜ್ಜಿನಲ್ಲಿ ಒಂದೆರಡು ಗಂಟೆ ಇಟ್ಟು ಕರಿಯಿರಿ.

ಮಸಾಲೆಡಬ್ಬಿ: ಪೂರ್ತಿ ಎಣ್ಣೆಯಲ್ಲೇ ಬೇಯಿಸೋಕೆ ಹೋದರೆ ಹೊರಗೆ ಕಪ್ಪಾಗುತ್ತೆ. 170 ಡಿಗ್ರಿ ಎಣ್ಣೆಯಲ್ಲಿ ಮೂರು-ನಾಲ್ಕು ನಿಮಿಷ, ಹೊಂಬಣ್ಣ ಬಂದ ಕೂಡಲೇ ತೆಗೆದು 180 ಡಿಗ್ರಿ ಓವನ್ನಿನಲ್ಲಿ 12–15 ನಿಮಿಷ. ಮಾಂಸ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರನ್ನು ತುದಿಯ ಮಾಂಸಕ್ಕೆ ಚುಚ್ಚಿ, ನಡುವೆ ಚುಚ್ಚಿದರೆ ಬೆಣ್ಣೆ ಚಿಮ್ಮುತ್ತೆ. ಇಡೀ ಸುರುಳಿಯನ್ನೇ ಫ್ರೀಜರಿನಿಂದ ತೆಗೆದು ಹಾಗೇ ಕರಿದರೆ ಒಳಗೆ ಹಸಿಯೇ ಉಳಿಯುತ್ತೆ, ನಿಮ್ಮದೂ ಇದೇ ಇರಬಹುದು.

ಹಳೇಪುಟ: ಮೂಲದ ಜಗಳ ಇನ್ನೂ ಮುಗಿದಿಲ್ಲ. ರಷ್ಯನ್ ಸಾಮ್ರಾಜ್ಯದ ಸಿರಿವಂತರ ಅಡುಗೆಮನೆಗಳಲ್ಲಿ ಫ್ರೆಂಚ್ ಪ್ರಭಾವ ಜೋರಿತ್ತು, ಕೋಳಿ ಎದೆಯ ಕಟ್ಲೆಟ್ ಆ ದಾರಿಯಲ್ಲೇ ಬಂದದ್ದು. 20ನೇ ಶತಮಾನದ ಆರಂಭದಲ್ಲಿ ಕೀವ್‌ನ ಕಾಂಟಿನೆಂಟಲ್ ಹೋಟೆಲಿನಲ್ಲಿ ಈಗಿನ ರೂಪ ಬಂತು ಅಂತ ಆ ಊರಿನವರ ವಾದ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಕಡೆಯವರು ಹೇಳೋ ಕಥೆಯೇ ಬೇರೆ. ಹೊರದೇಶದವರಿಗೆ ಪರಿಚಯವಾದದ್ದು ಹೆಚ್ಚಾಗಿ ಸೋವಿಯತ್ ಕಾಲದ ಸರ್ಕಾರಿ ಪ್ರವಾಸ ಸಂಸ್ಥೆ ಇನ್‌ಟೂರಿಸ್ಟ್‌ನ ಹೋಟೆಲುಗಳಿಂದ. ಬ್ರಿಟನ್ನಿನಲ್ಲಿ 1979ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳು ಇದನ್ನು ಬೇಯಿಸೋಕೆ ಸಿದ್ಧವಾದ ಪ್ಯಾಕೆಟ್ಟಿನಲ್ಲಿ ಮಾರಾಟಕ್ಕಿಟ್ಟವು. ಕೀವ್ ಪದ್ಧತಿಯಲ್ಲಿ ರೆಕ್ಕೆಯ ಮೂಳೆ ಒಂದು ತುದಿಯಲ್ಲಿ ಹೊರಗೆ ಚಾಚಿರುತ್ತೆ, ಬೆಣ್ಣೆಗೆ ಸಬ್ಬಸಿಗೆ ಹಾಕ್ತಾರೆ. ಬೆಳ್ಳುಳ್ಳಿ ಸುರಿಯೋದು ಬ್ರಿಟಿಷರ ಚಟ!

ಒಲೆಮುಂದೆ: ಓವನ್ ಇಲ್ಲ ರೀ, ಏರ್ ಫ್ರೈಯರ್ ನಡೆಯುತ್ತಾ?

ಮಸಾಲೆಡಬ್ಬಿ: ನಡೆಯುತ್ತೆ. ಆದರೆ ಹಸಿ ಬ್ರೆಡ್ ಪುಡಿ ಅದರಲ್ಲಿ ಬಿಳಿಚಿಕೊಂಡೇ ಇರುತ್ತೆ. ಮೊದಲೇ ಒಂದು ಚಮಚ ಎಣ್ಣೆಯಲ್ಲಿ ಪುಡಿಯನ್ನು ತಿಳಿ ಕಂದು ಬರೋವರೆಗೂ ಹುರಿದುಕೊಳ್ಳಿ. 180 ಡಿಗ್ರಿ, ಸುಮಾರು 20 ನಿಮಿಷ, ಸುರುಳಿ ಮಡಚಿದ ಕಡೆ ಕೆಳಗಿರಲಿ. ಅಮುಲ್ ಉಪ್ಪು ಬೆಣ್ಣೆ ಬಳಸಿದರೆ ಮಾಂಸಕ್ಕೆ ಉಪ್ಪು ಅರ್ಧ ಮಾಡಿ.