ಬಾರ್ಜ್‌ಗೆ 28,000 ಬ್ಯಾರೆಲ್ ಎಂದು ಬರೆದಿದ್ದೆ, ಟ್ಯಾಂಕರ್‌ಮನ್ ಅದನ್ನು ಹೊಡೆದುಹಾಕಿ 14,000 ಎಂದು ಬರೆದ. ಇದು ನಿಯಮವೋ, ಹಟವೋ?

ಶಿರಸಿ ಹುಡುಗಿ (ಪ್ರಶ್ನೆ)

ನಾನು ಹ್ಯೂಸ್ಟನ್ ಶಿಪ್ ಚಾನೆಲ್ ದಡದ ಒಂದು ರಾಸಾಯನಿಕ ಟರ್ಮಿನಲ್‌ನಲ್ಲಿ ಸರಕು ರವಾನೆಯ ಲೆಕ್ಕ ನೋಡಿಕೊಳ್ಳುತ್ತೇನೆ. ಸೇರಿ ಐದು ತಿಂಗಳಾಯಿತು. ಅದಕ್ಕೂ ಮೊದಲು ಬಾರ್ಜ್ ಎಂದರೆ ಗೋವಾದ ಮಾಂಡೋವಿಯಲ್ಲಿ ಅದಿರು ಹೊತ್ತು ಸಾಗುವುದು ಎಂದಷ್ಟೇ ಗೊತ್ತಿತ್ತು.

ಕಳೆದ ವಾರ ಶೇಕಡಾ 50ರ ಕಾಸ್ಟಿಕ್ ಸೋಡಾ ದ್ರಾವಣ ತುಂಬಲು ಒಂದು ಬಾರ್ಜ್ ಬಂತು. ಅದು 30,000 ಬ್ಯಾರೆಲ್ ಹಿಡಿಸುತ್ತದೆ ಎಂದು ಕಾಗದದಲ್ಲೇ ಇತ್ತು. ಸ್ವಲ್ಪ ಜಾಗ ಬಿಟ್ಟು 28,000ಕ್ಕೆ ಆದೇಶ ಸಿದ್ಧಪಡಿಸಿದ್ದೆ. ಲೋಡಿಂಗ್‌ಗೆ ಮುಂಚಿನ ಮಾತುಕತೆಯಲ್ಲಿ ಟ್ಯಾಂಕರ್‌ಮನ್ (ಬಾರ್ಜ್ ಕಡೆಯಿಂದ ಸರಕು ತುಂಬಿಸುವ ಹೊಣೆಗಾರ) ನನ್ನ ಕಾಗದ ತೆಗೆದುಕೊಂಡು, ಒಂದು ಮಾತನ್ನೂ ಆಡದೆ, 28,000 ಹೊಡೆದು 14,000 ಎಂದು ಬರೆದುಬಿಟ್ಟ. ನಮ್ಮ ಮ್ಯಾನೇಜರ್ ಕೂಗಾಡಿದರು. ಆತ ಚ್ಯೂಯಿಂಗ್ ಗಮ್ ಅಗಿಯುತ್ತಾ ನಿಂತೇ ಇದ್ದ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ರಾತ್ರಿಯ ಚಳಿಗೆ ಪೈಪಿನ ಒಂದು ವಾಲ್ವ್‌ನಲ್ಲಿ ಕಾಸ್ಟಿಕ್ ಹೆಪ್ಪುಗಟ್ಟಿತ್ತು. ನಮ್ಮ ಹುಡುಗನೊಬ್ಬ ಅದನ್ನು ಕರಗಿಸಲು ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಿಡಿದು ಬಂದ. ಟ್ಯಾಂಕರ್‌ಮನ್ ಅವನನ್ನು ಜೆಟ್ಟಿಯಿಂದಲೇ ಹೊರಗೆ ಕಳುಹಿಸಿದ. ಕಾಸ್ಟಿಕ್ ಸೋಡಾಕ್ಕೆ ಬೆಂಕಿ ಹತ್ತುವುದಿಲ್ಲ ತಾನೆ? ಬಲ್ಲವರು ಹೇಳಿ. ಸೋಮವಾರ ಮ್ಯಾನೇಜರ್‌ಗೆ ನಾನು ಉತ್ತರ ಕೊಡಬೇಕು.

ಹೊನ್ನಾವರದ ಹಳೆಯ ಮೇಟ್

ತಂಗಿ, ಆ ಟ್ಯಾಂಕರ್‌ಮನ್‌ಗೆ ಒಂದು ಲೋಟ ಒಳ್ಳೆಯ ಕಾಫಿ ಕೊಡಿ. ನಾನು ಇಪ್ಪತ್ತೆರಡು ವರ್ಷ ರಾಸಾಯನಿಕ ಹಡಗುಗಳಲ್ಲಿ ಮೇಟ್, ಅಂದರೆ ಹಡಗಿನ ಅಧಿಕಾರಿ, ಆಗಿದ್ದವನು. ಈಗ ಇದೇ ಟೆಕ್ಸಾಸ್ ಕರಾವಳಿಯಲ್ಲಿ ಸರಕಿನ ಸರ್ವೆ ಮಾಡಿಕೊಂಡಿದ್ದೇನೆ.

ಶಿರಸಿಯವರಿಗೆ ಜೋನಿಬೆಲ್ಲದ (ದ್ರವ ಬೆಲ್ಲದ) ಲೆಕ್ಕ ಹೇಳಿದರೆ ಸಾಕು. 15 ಕಿಲೋ ಕೊಬ್ಬರಿ ಎಣ್ಣೆಯ ಡಬ್ಬಿಗೆ ಜೋನಿಬೆಲ್ಲ ತುಂಬಿ ಎತ್ತಿ ನೋಡಿ, 22 ಕಿಲೋ ದಾಟಿರುತ್ತದೆ. ಡಬ್ಬಿ ಅದೇ, ಹಿಡಿಕೆ ಕಿತ್ತು ಬರುತ್ತದೆ. ನಿಮ್ಮ ಕಾಸ್ಟಿಕ್ ನೀರಿಗಿಂತ ಒಂದೂವರೆ ಪಟ್ಟು ಭಾರ, ಸಾಂದ್ರತೆ 1.53ರ ಆಸುಪಾಸು. ಬ್ಯಾರೆಲ್ ಎನ್ನುವುದು ಜಾಗದ ಅಳತೆ, ಸುಮಾರು 159 ಲೀಟರ್. ಬಾರ್ಜ್ ಎಷ್ಟು ಮುಳುಗುತ್ತದೆ ಎನ್ನುವುದನ್ನು ನಿರ್ಧರಿಸುವುದು ತೂಕ.

ಇನ್ನು ಬಾರ್ಜ್. ಈ ಅಳತೆಯವು ಸಾಮಾನ್ಯವಾಗಿ 90 ಮೀಟರ್ ಉದ್ದ, 16.5 ಮೀಟರ್ ಅಗಲ. ಒಂದು ಮೀಟರ್ ಮುಳುಗಲು ಸುಮಾರು 1,500 ಟನ್ ಬೇಕು. 30,000 ಬ್ಯಾರೆಲ್ ಕಾಸ್ಟಿಕ್ ಎಂದರೆ 7,300 ಟನ್. ಐದು ಮೀಟರ್ ಹತ್ತಿರ ಮುಳುಗಬೇಕು. ಬಾರ್ಜ್‌ನ ಒಡಲಿನ ಎತ್ತರವೇ ನಾಲ್ಕು ಮೀಟರ್ ಸುತ್ತಮುತ್ತ! ನಿಮ್ಮ 28,000ಕ್ಕೂ ಇದೇ ಗತಿ. ಜೆಟ್ಟಿಯಲ್ಲೇ ಮುಳುಗಿ ತಳ ಸೇರುತ್ತಿತ್ತು. ಆತ ಬರೆದ 14,000ಕ್ಕೆ ಲೆಕ್ಕ ಹಾಕಿ: 3,400 ಟನ್, ಖಾಲಿ ಬಾರ್ಜ್‌ನ ಭಾರವೂ ಸೇರಿ ಮೂರು ಮೀಟರ್‌ಗೆ ತುಸು ಕಡಿಮೆ. ಮನುಷ್ಯ ಸರಿಯಾಗಿ ಬರೆದಿದ್ದಾನೆ.

ಇದು ಅವನ ಮನಸ್ಸಿನ ಲೆಕ್ಕವೂ ಅಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಸರ್ಟಿಫಿಕೇಟ್ ಆಫ್ ಇನ್ಸ್‌ಪೆಕ್ಷನ್‌ನಲ್ಲಿ ಪ್ರತಿ ಟ್ಯಾಂಕಿಗೆ ಗರಿಷ್ಠ ತೂಕ ಎಷ್ಟು, ಸಾಂದ್ರತೆ ಎಷ್ಟು ಎಂದು ಪಟ್ಟಿ ಇರುತ್ತದೆ. ಜೊತೆಗಿರುವ ಕಾರ್ಗೋ ಅಥಾರಿಟಿ ಅಟ್ಯಾಚ್‌ಮೆಂಟ್‌ನಲ್ಲಿ ಆ ಬಾರ್ಜ್ ಯಾವ ಯಾವ ಸರಕು ಹೊರಬಹುದು ಎಂದಿರುತ್ತದೆ. ಮ್ಯಾನೇಜರ್ ಮುಂದೆ ಇಡಬೇಕಾದ್ದು ಆ ಎರಡು ಕಾಗದ, ನನ್ನ ಜೋನಿಬೆಲ್ಲ ಅಲ್ಲ.

ನೀವು ಕೇಳದ ಒಂದು ಮಾತು. ಅರ್ಧ ತುಂಬಿದ ಟ್ಯಾಂಕ್ ಬೇರೆಯೇ ಉಪದ್ರವ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಶಾಲೆಯಲ್ಲಿ ವಿನಯದ ಪಾಠಕ್ಕೆ ಹೇಳಿಕೊಟ್ಟರು. ನನಗೆ ಅದು ಅರ್ಥವಾದದ್ದು ಹಡಗಿನಲ್ಲಿ. ಬಾರ್ಜ್ ಒಂದು ಕಡೆ ವಾಲಿದರೆ ಒಳಗಿನ ದ್ರವವೂ ಅದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತದೆ. 2011ರ ಜನವರಿ 13ರಂದು ಜರ್ಮನಿಯ ರೈನ್ ನದಿಯಲ್ಲಿ, ಲೋರೆಲೈ ಬಂಡೆಯ ಬಳಿ, ವಾಲ್ಡ್‌ಹೋಫ್ ಎಂಬ ಟ್ಯಾಂಕರ್ ಮಗುಚಿದ್ದು ಇದರಿಂದಲೇ. ಸುಮಾರು 2,400 ಟನ್ ಸಲ್ಫ್ಯೂರಿಕ್ ಆಮ್ಲ ಇತ್ತು; ಅದೂ ಭಾರದ ಸರಕು, ಸಾಂದ್ರತೆ 1.8ಕ್ಕೂ ಮೇಲೆ. ಟ್ಯಾಂಕ್‌ಗಳು ಪೂರ್ತಿ ತುಂಬಿರಲಿಲ್ಲ, ಸ್ಥಿರತೆ ಸಾಲಲಿಲ್ಲ. ಹಡಗಿನಲ್ಲಿದ್ದ ನಾಲ್ವರಲ್ಲಿ ಇಬ್ಬರು ಜೀವ ಕಳೆದುಕೊಂಡರು. ಆಮ್ಲದ ಒಂದು ಪಾಲನ್ನು ಕೊನೆಗೆ ಸ್ವಲ್ಪಸ್ವಲ್ಪವಾಗಿ ನದಿಗೇ ಬಿಡಬೇಕಾಯಿತು.

ನಿಮ್ಮ ಬಾರ್ಜ್‌ನಲ್ಲಿ ನಡುವೆ ಉದ್ದಕ್ಕೂ ಗೋಡೆ ಇದೆಯೇ, ಎಡಕ್ಕೆ ಮೂರು ಬಲಕ್ಕೆ ಮೂರು ಟ್ಯಾಂಕ್? ಇದ್ದರೆ ಆ ಓಟದ ಪರಿಣಾಮ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾದರೆ ಕೆಲವು ಟ್ಯಾಂಕ್ ಪೂರ್ತಿ ತುಂಬಿ ಉಳಿದವನ್ನು ಖಾಲಿ ಬಿಡಬಹುದಲ್ಲ ಎಂದು ನಿಮ್ಮ ಮ್ಯಾನೇಜರ್ ಕೇಳುತ್ತಾರೆ, ನೋಡಿ. ಆಗ ಭಾರವೆಲ್ಲ ಒಂದೆಡೆ ಸೇರಿ ಬಾರ್ಜ್ ಬೆನ್ನು ಮುರಿದುಕೊಳ್ಳಬಹುದು. ಟ್ಯಾಂಕಿಗೊಂದು ತೂಕದ ಮಿತಿ ಇಟ್ಟಿರುವುದು ಅದಕ್ಕೇ.

ಜೆಟ್ಟಿ ಆಪರೇಟರ್

ಮೇಟ್ ಅಣ್ಣನವರು ಎಲ್ಲವನ್ನೂ ಹೇಳಿದ್ದಾರೆ. ನನ್ನದು ಒಂದೇ ಸೇರಿಕೆ. ಪಂಪ್ ಶುರುವಾಗುವ ಮೊದಲು ಡಿಕ್ಲರೇಷನ್ ಆಫ್ ಇನ್ಸ್‌ಪೆಕ್ಷನ್‌ಗೆ (ಪರಿಶೀಲನೆ ಆಗಿದೆ ಎಂಬ ಘೋಷಣಾ ಪತ್ರಕ್ಕೆ) ಬಾರ್ಜ್ ಕಡೆಯವರು, ದಡದ ಕಡೆಯವರು ಇಬ್ಬರೂ ಸಹಿ ಹಾಕಬೇಕು. ಅದರ ಪ್ರತಿಯನ್ನು ಕನಿಷ್ಠ ಒಂದು ತಿಂಗಳು ಇಟ್ಟುಕೊಳ್ಳಬೇಕು. ಸಹಿ ಬಿದ್ದ ಮೇಲೆ ಮ್ಯಾನೇಜರ್ ಕೂಗಾಟಕ್ಕೆ ಬೆಲೆ ಇಲ್ಲ. ಫ್ಲೇಂಜ್ (ಪೈಪುಗಳ ತುದಿಯನ್ನು ಜೋಡಿಸುವ ಬಳೆ) ಬೋಲ್ಟ್‌ಗಳನ್ನೂ ಎಣಿಸಿಕೊಳ್ಳಿ: ತಾತ್ಕಾಲಿಕ ಜೋಡಣೆಗೆ, ಪ್ರಮಾಣಿತ ಫ್ಲೇಂಜ್ ಆದರೆ ಒಂದು ಬಿಟ್ಟು ಒಂದು ತೂತಿಗೆ, ಕನಿಷ್ಠ ನಾಲ್ಕು. ನಮ್ಮಲ್ಲಿ ಒಮ್ಮೆ ಮೂರೇ ಹಾಕಿದ್ದರು, ಟ್ಯಾಂಕರ್‌ಮನ್ ಹೋಸ್ ಮುಟ್ಟಲೇ ಇಲ್ಲ.

ಶಿರಸಿ ಹುಡುಗಿ

ಮೇಟ್ ಅಣ್ಣ, ಟಾರ್ಚ್ ವಿಷಯ ಬಿಟ್ಟುಬಿಟ್ಟಿರಿ. ಜೊತೆಗೆ ಒಂದು ಕುತೂಹಲ: ಬಾರ್ಜ್ ಮೇಲೆ ಇಷ್ಟೆಲ್ಲ ಎಚ್ಚರಿಕೆಯ ಫಲಕ, ಸರಕಿನ ಮಾಹಿತಿ ಕಾರ್ಡು, ಕೆಂಪು ಬಾವುಟ ಯಾರಿಗಾಗಿ? ಸಾಗುವಾಗ ಅದರ ಮೇಲೆ ಮನುಷ್ಯರೇ ಇರುವುದಿಲ್ಲವಲ್ಲ.

ಹೊನ್ನಾವರದ ಹಳೆಯ ಮೇಟ್

ಮನುಷ್ಯರು ಇಲ್ಲ ಎಂದೇ ಅವು ಇರುವುದು. ಶರಾವತಿಯಲ್ಲಿ ಜಂಗಲ್ (ಹೊಳೆ ದಾಟಿಸುವ ದೋಣಿ) ಹೊರಟರೆ ಅದರ ಮೇಲೆ ಒಬ್ಬನಾದರೂ ಕೂಗಿ ಹೇಳಲು ಇರುತ್ತಿದ್ದ. ಟ್ಯಾಂಕ್ ಬಾರ್ಜ್‌ಗೆ ಎಂಜಿನ್ ಇಲ್ಲ, ಸಾಗುವಾಗ ಮೇಲೆ ಜನ ಇಲ್ಲ. ಹಿಂದಿನಿಂದ ಟೋಬೋಟ್ ದೂಡುತ್ತದೆ ಅಷ್ಟೇ. ಹೀಗಾಗಿ ಅಪಾಯದ ದ್ರವಗಳ ಬಾರ್ಜ್‌ಗಳಿಗೆಂದು ಇರುವ ಅಮೆರಿಕದ ಫೆಡರಲ್ ನಿಯಮಗಳ 46ನೇ ಶೀರ್ಷಿಕೆಯ ಭಾಗ 151, ಆ ಕೆಲಸವನ್ನೆಲ್ಲ ಉಕ್ಕಿನ ಒಡಲಿಗೂ ಫಲಕಕ್ಕೂ ವಹಿಸಿದೆ. ಒಡಲನ್ನು ಮೂರು ಬಗೆ ಮಾಡಿದ್ದಾರೆ. ಕ್ಲೋರಿನ್ ಹೊರುವುದಕ್ಕೆ ಮೊದಲ ಬಗೆ, ಡಿಕ್ಕಿಯಾದರೂ ಟ್ಯಾಂಕ್ ಒಡೆಯದಂತೆ ಹೊರಗೋಡೆಯಿಂದ ದೂರ ಕೂರಿಸಿದ್ದು. ನಿಮ್ಮ ಕಾಸ್ಟಿಕ್‌ಗೆ ಮೂರನೆಯ ಬಗೆ ಸಾಕು. ಸರಕಿನ ಗುಣ, ಚೆಲ್ಲಿದರೆ ಏನು ಮಾಡಬೇಕು ಎಂಬುದೆಲ್ಲ ಕಾರ್ಡಿನಲ್ಲಿ. ನಡುರಾತ್ರಿ ಅಪರಿಚಿತನೊಬ್ಬ ಹತ್ತಿದರೂ ಓದಿಕೊಳ್ಳಬೇಕು.

ಇನ್ನು ಟಾರ್ಚ್. 2005ರ ಜನವರಿ 19ರಂದು ಶಿಕಾಗೋದ ಕಾಲುವೆಯಲ್ಲಿ ಇಎಂಸಿ 423 ಎಂಬ ಬಾರ್ಜ್ ಸ್ಫೋಟಿಸಿತು. ಒಬ್ಬ ಡೆಕ್ ಕೆಲಸಗಾರ ಸತ್ತ. ಸರಕು ಮಂದವಾದ ಸ್ಲರಿ ಎಣ್ಣೆ, ಪೆಟ್ರೋಲಿನಂತೆ ಥಟ್ಟನೆ ಹೊತ್ತುವುದಲ್ಲ. ಚಳಿಗೆ ಪಂಪ್ ಬಿಸಿ ಮಾಡಲು ಪ್ರೊಪೇನ್ ಟಾರ್ಚ್ ಹಿಡಿದದ್ದೇ ಕಾರಣ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಸಿವಿಲ್ ಮೊಕದ್ದಮೆಯಲ್ಲಿ ಸರ್ಕಾರಕ್ಕೆ ಅದನ್ನು ಸಾಬೀತುಪಡಿಸಲು ಆಗಲಿಲ್ಲ ಎಂಬುದೂ ನಿಜ. ನನಗೆ ಆ ಜಗಳ ಬೇಡ, ಟಾರ್ಚೂ ಬೇಡ. ಕಾಸ್ಟಿಕ್ ಉರಿಯುವುದಿಲ್ಲ, ಒಪ್ಪಿದೆ. ಪಕ್ಕದಲ್ಲಿ ಕಟ್ಟಿದ ಬಾರ್ಜ್‌ನಲ್ಲಿ ಏನಿತ್ತು, ನಿಮಗೆ ಗೊತ್ತೇ? ಅಲ್ಲದೆ ಕಾಸ್ಟಿಕ್ ವಿಪರೀತ ಬಿಸಿಯಾದರೆ ಉಕ್ಕನ್ನೇ ಬಿರುಕು ಬಿಡಿಸುತ್ತದೆ. ಶೇಕಡಾ 50ರದ್ದು 12 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಹೆಪ್ಪುಗಟ್ಟುತ್ತದೆ. ವಾಲ್ವ್‌ನ ಹೊರಮೈಗೆ ಬಿಸಿನೀರು ಬಿಟ್ಟರೂ ಸಡಿಲವಾಗುತ್ತದೆ.

ಶಿರಸಿ ಹುಡುಗಿ

ಪಕ್ಕದ ಬಾರ್ಜ್‌ನಲ್ಲಿ ಬೆಂಜೀನ್ ಇತ್ತು, ಥಟ್ಟನೆ ಹೊತ್ತುವ ದ್ರವ. ಈಗ ದಾಖಲೆ ತೆಗೆದು ನೋಡಿದೆ.

ಟ್ಯಾಂಕ್‌ಗಳು ಎಡಕ್ಕೆ ಮೂರು, ಬಲಕ್ಕೆ ಮೂರು, ಅಣ್ಣ. ಉಳಿದ 14,000ಕ್ಕೆ ಎರಡನೆಯ ಬಾರ್ಜ್ ಕೇಳಿ ಈಗಷ್ಟೇ ಮಿಂಚಂಚೆ ಕಳುಹಿಸಿದೆ. ಕಾಫಿಗೆ ಟ್ಯಾಂಕರ್‌ಮನ್ ಸಿಗಲಿಲ್ಲ, ಆತ ಇನ್ನೊಂದು ಜೆಟ್ಟಿಗೆ ಹೋಗಿದ್ದ.