ಭಾನುವಾರ ಅಂಗಡಿ ಮುಚ್ಚಲೇಬೇಕೆ?

ಪ್ರಶ್ನೆ: ಪಾತ್ರೆ ವ್ಯಾಪಾರಿ, ಚಿಕ್ಕಪೇಟೆ, ತುಮಕೂರು

ನಮ್ಮದು ಅಪ್ಪನ ಕಾಲದ ಸ್ಟೀಲ್ ಪಾತ್ರೆ ಅಂಗಡಿ. ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಅಪ್ಪ ಭಾನುವಾರ ಬಾಗಿಲು ತೆರೆದವರಲ್ಲ. ಆದರೆ ಮದುವೆ ಪಾತ್ರೆಗೆಂದು ಗುಬ್ಬಿ, ಕೊರಟಗೆರೆ ಕಡೆಯವರು ಮನೆಮಂದಿಯೆಲ್ಲ ಸೇರಿ ಬರುವುದೇ ಭಾನುವಾರ. ಬಿಂದಿಗೆಯಿಂದ ಲೋಟದವರೆಗೆ ಆರಿಸಿ, ಒಂದೊಂದರ ಮೇಲೂ ಹೆಸರು ಕೆತ್ತಿಸಿಕೊಳ್ಳುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ವಾರದ ದಿನಗಳಲ್ಲಿ ಅವರಿಗೆಲ್ಲಿ ಅಷ್ಟು ಬಿಡುವು? ಭಾನುವಾರ ತೆರೆದರೆ ಕಾನೂನಿನ ತೊಂದರೆ ಬರುತ್ತದೆ ಎಂದು ಪಕ್ಕದಂಗಡಿಯವರು ಹೇಳುತ್ತಾರೆ. ದೊಡ್ಡ ಮಳಿಗೆಗಳು ಮಾತ್ರ ವಾರವಿಡೀ ತೆರೆದಿರುತ್ತವೆ. ನಿಯಮ ಏನಿದೆ, ತಿಳಿದವರು ಹೇಳಿ. ಹುಡುಗರ ರಜೆ ಕಿತ್ತುಕೊಂಡು ವ್ಯಾಪಾರ ಮಾಡುವ ಮನಸ್ಸು ನನಗಿಲ್ಲ.

ಉತ್ತರ 1: ಅಂಗಡಿಗಳ ಲೆಕ್ಕಪತ್ರ ನೋಡುವವರು

ಧಾರಾಳವಾಗಿ ತೆರೆಯಿರಿ ಸ್ವಾಮಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಕೇಳುವುದು ವಾರಕ್ಕೊಂದು ದಿನದ ರಜೆಯನ್ನು. ಅದು ಭಾನುವಾರವೇ ಆಗಬೇಕೆಂದಿಲ್ಲ. ದಿನವನ್ನು ವರ್ಷದ ಆರಂಭದಲ್ಲೇ ಗೊತ್ತುಮಾಡಿ, ಕಾರ್ಮಿಕ ನಿರೀಕ್ಷಕರಿಗೆ ತಿಳಿಸಿ, ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು. ಮೂರು ತಿಂಗಳೊಳಗೆ ಎರಡು ಸಲ ಬದಲಿಸುವಂತಿಲ್ಲ. ಮಂಗಳವಾರ ಮದುವೆ ಸಾಮಾನು ಕೊಳ್ಳಲು ಬರುವವರು ಹೇಗೂ ಕಡಿಮೆ. ನಿಮಗೆ ಆ ದಿನ ಹೊಂದಬಹುದು.

ದೊಡ್ಡ ಮಳಿಗೆಗಳ ದಾರಿ ಬೇರೆ. 2021ರ ಜನವರಿಯಲ್ಲಿ ಸರ್ಕಾರ ಹೊರಡಿಸಿದ ಅಧಿಸೂಚನೆ 10 ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳಿಗೆ ವರ್ಷವಿಡೀ ತೆರೆದಿರಲು ಅವಕಾಶ ಕೊಟ್ಟಿತು. ಅಲ್ಲಿಯೂ ಸರದಿಯ ಮೇಲೆ ಎಲ್ಲರಿಗೂ ವಾರದ ರಜೆ ಕೊಡಲೇಬೇಕು. ಇಬ್ಬರನ್ನಿಟ್ಟುಕೊಂಡ ನಿಮಗೆ ವರ್ಷವಿಡೀ ತೆರೆದಿರುವ ಆ ಅವಕಾಶ ಅನ್ವಯಿಸದು. ಇನ್ನೊಂದು ಮಾತು: ರಜೆಯ ದಿನ ಸರಕು ಇಳಿಸುವುದಕ್ಕೂ ಹುಡುಗರನ್ನು ಕರೆಯಬೇಡಿ, ಆ ದಿನದ ಸಂಬಳವನ್ನೂ ಹಿಡಿಯಬೇಡಿ. ಎರಡೂ ಕಾನೂನಿಗೆ ವಿರುದ್ಧ.

ಉತ್ತರ 2: ಶಿರಾ ಗೇಟ್ ನಿವಾಸಿ

ತಂಗಿ ಜರ್ಮನಿಯಲ್ಲಿದ್ದಾಳೆ. ಅಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಆ ದೇಶದ ಹಿಂದಿನ, 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು 1949ರ ಈಗಿನ ಸಂವಿಧಾನದಲ್ಲೂ ಉಳಿಸಿಕೊಂಡರು. ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ದಿನಸಿಯನ್ನು ಶನಿವಾರವೇ ತಂದಿಟ್ಟುಕೊಳ್ಳುತ್ತಾಳೆ. ಇಂಗ್ಲೆಂಡಿನಲ್ಲಿ 1994ರ ಕಾಯ್ದೆಯಂತೆ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳಿಗೆ ಭಾನುವಾರ ಆರು ಗಂಟೆ ಮಾತ್ರ ವ್ಯಾಪಾರ. ಚಿಕ್ಕವುಗಳಿಗೆ ಆ ಕಟ್ಟಿಲ್ಲ. ಸಣ್ಣ ವ್ಯಾಪಾರಿಯ ಕಡೆಗಿರುವ ಇಂಥ ನಿಯಮ ನಮ್ಮಲ್ಲೂ ಬೇಕು.

ಉತ್ತರ 3: ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು

ಹುಡುಗರ ಬಗ್ಗೆ ಯೋಚಿಸಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ ಅಣ್ಣ. ಮೊದಲು ನಾನಿದ್ದ ಅಂಗಡಿಯಲ್ಲಿ ರಜೆಗೆ ಗೊತ್ತಾದ ದಿನವೇ ಇರಲಿಲ್ಲ. ಗಿರಾಕಿಗಳ ಮುಂದೆ ಬಿಚ್ಚಿದ ಸೀರೆಗಳನ್ನೆಲ್ಲ ಮಡಚಿಟ್ಟು ರಾತ್ರಿ ಹೊರಡುವಾಗ "ನಾಳೆ ಬರಬೇಡ" ಎನ್ನುತ್ತಿದ್ದರು. ತಿಂಗಳ ಕೊನೆಗೆ ಆ ದಿನದ ದುಡ್ಡು ಮುರಿದುಕೊಳ್ಳುತ್ತಿದ್ದರು. ಹಾಗೆ ಸಿಕ್ಕ ರಜೆಯಲ್ಲಿ ಊರಿಗೆ ಹೋಗಿಬರಲೂ ಆಗದು, ಆಸ್ಪತ್ರೆಗೆ ಅಮ್ಮನನ್ನು ಕರೆದೊಯ್ಯಲೂ ಆಗದು. ಮಂಗಳವಾರವಾದರೆ ಮಂಗಳವಾರ, ಮೊದಲೇ ಗೊತ್ತಿದ್ದರೆ ಸಾಕು. ಆದರೆ ಮಕ್ಕಳಿಗೆ ಶಾಲೆ ಇಲ್ಲದಿರುವುದು ಭಾನುವಾರ ಮಾತ್ರ. ಮದುವೆಯ ಕಾಲ ಮುಗಿದ ಮೇಲಾದರೂ, ತಿಂಗಳಿಗೊಂದು ಭಾನುವಾರ ಇಬ್ಬರಿಗೂ ಸರದಿಯಂತೆ ಬಿಡುವು ಕೊಡಿ, ಸಂಬಳ ಮುರಿಯದೆ.