‘ಟ್ಯಾಂಪರಿಂಗ್’: ಕಲಬೆರಕೆ ಅಲ್ಲ, ನಕಲಿ ಅಲ್ಲ, ಮತ್ತೇನು?

ಬಳಗದ ಎಲ್ಲರಿಗೂ ನಮಸ್ಕಾರ.

ಔಷಧ ಕೊಳ್ಳುವವರಿಗಾಗಿ ಬರೆದ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ‘ಟ್ಯಾಂಪರಿಂಗ್’ ಎಂಬ ಒಂದೇ ಪದದ ಮುಂದೆ ಕೂತಿದ್ದೇನೆ. ನಿಘಂಟಿನಲ್ಲಿ ಅರ್ಥಗಳೇನೋ ಇವೆ, ಆದರೆ ಕೈಪಿಡಿಯಲ್ಲಿ ಬರುವ ಪ್ರಸಂಗಕ್ಕೆ ಒಂದೂ ಹೊಂದುತ್ತಿಲ್ಲ. ಆ ಪ್ರಸಂಗವನ್ನು ಮೊದಲು ಹೇಳುತ್ತೇನೆ.

1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೊ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಕೆಲವೇ ದಿನಗಳೊಳಗೆ ಏಳು ಜನ ಸತ್ತರು. ಏಳು ಜನರೂ ನುಂಗಿದ್ದು ಟೈಲೆನಾಲ್ ಕ್ಯಾಪ್ಸೂಲ್, ಅಂದರೆ ನಾವು ಪ್ಯಾರಾಸಿಟಮಾಲ್ ಎನ್ನುವ ಔಷಧವನ್ನೇ. ಮೊದಲು ಹೋದವಳು 12 ವರ್ಷದ ಹುಡುಗಿ. ಇನ್ನೊಂದು ಮನೆಯಲ್ಲಿ ಅಣ್ಣ ತೀರಿಕೊಂಡ ದಿನವೇ ತಮ್ಮ ಮತ್ತು ಅವನ ಹೆಂಡತಿ ತಲೆನೋವೆಂದು ಅದೇ ಬಾಟಲಿಯಿಂದ ತೆಗೆದು ನುಂಗಿದರು; ಅವರೂ ಉಳಿಯಲಿಲ್ಲ. ಇದನ್ನು ಅನುವಾದಿಸುವಾಗ ನನ್ನ ಕೈ ತಡೆದು ನಿಂತಿತು.

ಯಾರೋ ಕ್ಯಾಪ್ಸೂಲುಗಳನ್ನು ಬಿಡಿಸಿ, ಒಳಗೆ ಸಯನೈಡ್ ತುಂಬಿ, ಮತ್ತೆ ಜೋಡಿಸಿ ಬಾಟಲಿಗೆ ಹಾಕಿದ್ದರು. ಬಾಟಲಿಗಳು ಬೇರೆ ಬೇರೆ ಕಾರ್ಖಾನೆಗಳಿಂದ ಬಂದವು, ಸಾವುಗಳು ಮಾತ್ರ ಶಿಕಾಗೊ ಸುತ್ತಲೇ. ಹಾಗಾಗಿ ವಿಷ ಸೇರಿದ್ದು ಕಾರ್ಖಾನೆಯಲ್ಲಲ್ಲ, ಸರಕು ಅಂಗಡಿಗಳಿಗೆ ಬಂದ ಮೇಲೆ ಎಂಬ ತೀರ್ಮಾನಕ್ಕೆ ತನಿಖೆಯವರು ಬಂದರು. ಕಂಪನಿಗೆ ಪತ್ರ ಬರೆದು 10 ಲಕ್ಷ ಡಾಲರ್ ಕೇಳಿದ ಒಬ್ಬನಿಗೆ ಸುಲಿಗೆಯ ಯತ್ನಕ್ಕಾಗಿ ಶಿಕ್ಷೆಯಾಯಿತು. ಕೊಲೆಯ ಆರೋಪ ಇಂದಿಗೂ ಯಾರ ಮೇಲೂ ದಾಖಲಾಗಿಲ್ಲ.

ಈಗ ಪದಕ್ಕೆ ಬರುತ್ತೇನೆ. ಮೊದಲು ನಾನು ಬರೆದದ್ದು ‘ಕಲಬೆರಕೆ’. ಅದು ತಪ್ಪು. ಹಾಲಿಗೆ ನೀರು, ಮೆಣಸಿನಪುಡಿಗೆ ಇಟ್ಟಿಗೆಪುಡಿ ಸೇರಿದರೆ ಕಲಬೆರಕೆ. ಅಲ್ಲಿ ಮಾರುವವನ ಲಾಭದಾಸೆ ಇರುತ್ತದೆ. ಇಲ್ಲಿ ತಯಾರಿಸಿದವರೂ ಮಾರಿದವರೂ ನಿರಪರಾಧಿಗಳು, ನಡುವೆ ಬಂದವನು ಮೂರನೆಯವನು. ‘ನಕಲಿ ಔಷಧ’ವೂ ಆಗದು, ಬಾಟಲಿ ಅಸಲಿಯೇ ಆಗಿತ್ತು. ‘ವಿಷವಿಕ್ಕು’ ಎನ್ನೋಣವೆಂದರೆ, ಇಕ್ಕುವುದು ಎಂದರೆ ಬಡಿಸುವುದು. ಇಕ್ಕುವವನಿಗೆ ಉಣ್ಣುವವನು ಯಾರೆಂದು ಗೊತ್ತಿರುತ್ತದೆ. ಶಿಕಾಗೊದಲ್ಲಿ ವಿಷ ಇಟ್ಟವನಿಗೆ ಯಾರು ಸಾಯುತ್ತಾರೆಂದೇ ಗೊತ್ತಿರಲಿಲ್ಲ.

ನಮ್ಮ ಪತ್ರಿಕೆಗಳು ಇದೇ ಇಂಗ್ಲಿಷ್ ಪದಕ್ಕೆ ಸಂದರ್ಭ ನೋಡಿ ಬೇರೆ ಬೇರೆ ಮಾತು ಬಳಸುತ್ತವೆ: ಮತಯಂತ್ರವಾದರೆ ‘ತಿರುಚುವುದು’, ದಾಖಲೆಯಾದರೆ ‘ತಿದ್ದುವುದು’, ಕ್ರಿಕೆಟ್ಟಿನಲ್ಲಿ ‘ಚೆಂಡು ವಿರೂಪ’. ಮೂರೂ ಅಲ್ಲಲ್ಲಿಗೆ ಸರಿ. ಆದರೆ ‘ವಿರೂಪಗೊಂಡ ಬಾಟಲಿ’ ಎಂದರೆ ಈ ಪ್ರಸಂಗಕ್ಕೆ ತೀರಾ ವಿರುದ್ಧ. ರೂಪ ಎಳ್ಳಷ್ಟೂ ಕೆಡದಿದ್ದದ್ದೇ ಅಲ್ಲಿನ ಅನಾಹುತ. ‘ಕೈವಾಡ’ ಅರ್ಥಕ್ಕೆ ಹತ್ತಿರ ಬರುತ್ತದೆ, ಆದರೆ ಅದು ಮಾಡಿದವನ ಕಡೆಯ ಮಾತು. ‘ಕೈವಾಡವಾದ ಬಾಟಲಿ’ ಎಂದು ಯಾರೂ ಹೇಳುವುದಿಲ್ಲ.

ನನಗೆ ಸದ್ಯ ಹಿಡಿಸಿರುವುದು ‘ಕೈಹಾಕು’. ಚಕ್ಕುಲಿ ಡಬ್ಬಿಯ ಮುಚ್ಚಳ ನೋಡಿಯೇ ನಮ್ಮಮ್ಮ ‘ಯಾರೋ ಇದಕ್ಕೆ ಕೈಹಾಕಿದ್ದಾರೆ’ ಎನ್ನುತ್ತಿದ್ದರು. ತನ್ನದಲ್ಲದ್ದನ್ನು ಹೇಳದೆ ಕೇಳದೆ ಮುಟ್ಟಿದ ಅರ್ಥ ಅದರಲ್ಲಿದೆ, ‘ಕೈಹಾಕಿದ ಬಾಟಲಿ’ ಎನ್ನಲೂ ಬರುತ್ತದೆ.

ಹೆಚ್ಚಿನ ತೊಡಕು ಇದರ ಜೊತೆಗಿನ ಪದದ್ದು, ಅಂದರೆ ಬಾಟಲಿಯ ಮೇಲಿನ ಮುದ್ರೆಗೆ ಏನೆನ್ನಬೇಕು ಎಂಬುದು. ದುರಂತದ ನಂತರ ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿತು. ಮತ್ತೆ ಮಾರಾಟಕ್ಕೆ ತಂದಾಗ ಅಂಟಿಸಿದ ಪೆಟ್ಟಿಗೆ, ಕತ್ತಿಗೆ ಪ್ಲಾಸ್ಟಿಕ್ ಪಟ್ಟಿ, ಬಾಯಿಗೆ ತೆಳುಹಾಳೆ ಎಂದು ಮೂರು ಕಡೆ ಮುದ್ರೆ ಇತ್ತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಔಷಧ ಆಡಳಿತ ಸಂಸ್ಥೆ ಚೀಟಿಯಿಲ್ಲದೆ ಮಾರುವ ಔಷಧಗಳಿಗೆ ಇಂಥ ಕಟ್ಟುವಿಕೆ ಕಡ್ಡಾಯ ಮಾಡಿತು. 1983ರಲ್ಲಿ ಇಂಥ ಕೃತ್ಯವೇ ಒಂದು ಪ್ರತ್ಯೇಕ ಅಪರಾಧವಾಯಿತು. ಆದರೂ 1986ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳು ಅದೇ ಔಷಧದ ಕ್ಯಾಪ್ಸೂಲಿನಲ್ಲಿದ್ದ ಸಯನೈಡಿನಿಂದ ಸತ್ತಳು. ಆಮೇಲೆ ಕಂಪನಿ ಚೀಟಿಯಿಲ್ಲದೆ ಮಾರುವ ಔಷಧಗಳಲ್ಲಿ ಕ್ಯಾಪ್ಸೂಲನ್ನೇ ಕೈಬಿಟ್ಟು, ಬಿಡಿಸಲಾಗದ ಉದ್ದ ಗುಳಿಗೆಗೆ ಬಂತು.

ಪದದ ದೃಷ್ಟಿಯಿಂದ ನನಗೆ ಮುಖ್ಯವಾದದ್ದು ಮುಂದಿನದು. 1982ರ ನಿಯಮದಲ್ಲಿದ್ದ ಮಾತು ‘ಟ್ಯಾಂಪರ್ ರೆಸಿಸ್ಟೆಂಟ್’, ಕೈಹಾಕುವುದನ್ನು ತಡೆಯುವಂಥದ್ದು. 1998ರಲ್ಲಿ ಅದೇ ಸಂಸ್ಥೆ ಅದನ್ನು ‘ಟ್ಯಾಂಪರ್ ಎವಿಡೆಂಟ್’ ಎಂದು ಬದಲಿಸಿತು, ಕೈಹಾಕಿದರೆ ಕಾಣುವಂಥದ್ದು. ತಡೆಯುತ್ತದೆಂದು ನಂಬಿದವನು ಮುದ್ರೆಯನ್ನು ನೋಡುವುದೇ ಇಲ್ಲ. ಕಾಣುತ್ತದೆಂದು ತಿಳಿದವನು ಪ್ರತಿ ಸಲವೂ ನೋಡುತ್ತಾನೆ. ಆದ್ದರಿಂದ ಇದಕ್ಕೆ ‘ಭದ್ರಮುದ್ರೆ’, ‘ಸುರಕ್ಷಾ ಮುಚ್ಚಳ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಓದಿದವರು ನಿಶ್ಚಿಂತರಾಗಿಬಿಡುತ್ತಾರೆ. ‘ಕುರುಹುಮುದ್ರೆ’ ಎಂದರೆ ಹೇಗೆ? ಎಚ್ಚರಿಕೆಯ ಸಾಲಂತೂ ಸರಳವಾಗಿರಲಿ: ‘ಸೀಲ್ ಒಡೆದಿದ್ದರೆ ಕೊಳ್ಳಬೇಡಿ’. ಔಷಧದಂಗಡಿಯ ಮುಂದೆ ನಿಂತವರ ಬಾಯಲ್ಲಿರುವುದು ಸೀಲೇ, ಅದನ್ನು ಬದಲಿಸಲು ಹೋಗುವುದಿಲ್ಲ.

ಅರಗಿನ ಮುದ್ರೆಯ ಕೆಲಸವೂ ಇಂಥದ್ದೇ ಅಲ್ಲವೇ? ಅರಗು ಯಾರನ್ನೂ ತಡೆಯುವುದಿಲ್ಲ, ಒಡೆದರೆ ಹೇಳುತ್ತದೆ, ಅಷ್ಟೇ. ಇನ್ನೊಂದು ನೆನಪು: ಸುಗ್ಗಿಯಲ್ಲಿ ನಮ್ಮಜ್ಜ ಕಣದಲ್ಲಿ ರಾಗಿಯ ರಾಶಿ ಮಾಡಿ, ಕತ್ತಲಾಗುವ ಮೊದಲು ಅದರ ಮೈಮೇಲೆ ಬೂದಿಯಿಂದ ಗೆರೆ ಎಳೆಯುತ್ತಿದ್ದರು. ರಾತ್ರಿ ಯಾರಾದರೂ ಒಂದು ಬೊಗಸೆ ತೆಗೆದರೂ ಬೆಳಿಗ್ಗೆ ಗೆರೆ ಮುರಿದಿರುತ್ತಿತ್ತು. ಆ ಗೆರೆಗೆ ಅವರು ಒಂದು ಹೆಸರು ಹೇಳುತ್ತಿದ್ದರು, ನನಗೆ ಮರೆತುಹೋಗಿದೆ. ಅವರನ್ನು ಕೇಳಲು ಈಗ ಅವರಿಲ್ಲ.

ನಿಮ್ಮ ಕಡೆ ರಾಶಿಯ ಮೇಲಿನ ಆ ಬೂದಿಗೆರೆಗೆ, ಅಥವಾ ಮರದ ಅಚ್ಚಿನಿಂದ ಒತ್ತುತ್ತಿದ್ದ ಗುರುತಿಗೆ ಏನೆನ್ನುತ್ತಿದ್ದರು? ಮನೆಯ ಹಿರಿಯರನ್ನು ವಿಚಾರಿಸಿ, ಊರು ಅಥವಾ ಸೀಮೆಯ ಹೆಸರಿನೊಂದಿಗೆ ಬರೆಯಿರಿ. ಹದಿನೈದು ದಿನ ಕಾಯುತ್ತೇನೆ. ಪುಟ ಅಚ್ಚಿಗೆ ಹೋಗುವುದು ಆಮೇಲೆ.